ಹಬ್ಬದ ಮನೆಯಲ್ಲಿ ಅತಿಥಿಧರ್ಮ

ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಸ್ತಿಭಾರ ಶಿಲೆಯನ್ನಿರಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅನ್ಯಮತವನ್ನು ಗೌರವಿಸಲು ಸ್ವಧರ್ಮವನ್ನು ತೊರೆಯಬೇಕಾಗಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಸಿದ್ಧಾರ್ಥನಗರದ ವಿದ್ಯಾರ್ಥಿಯು ಕ್ರಿಸ್‌ಮಸ್ ದಿನ ಅಲ್ಲಿಗೆ ಹೋಗಿ ಗೋದಲಿಯನ್ನು ನೋಡಬಹುದು, ಗೆಳೆಯನ ಮನೆಯ ಸಿಹಿಯನ್ನು ಸವಿಯಬಹುದು. ಆದರೆ ಬಲಿಪೂಜೆಯ ಪರಮಪ್ರಸಾದಕ್ಕೆ ಕೈಯೊಡ್ಡಲಾಗದು. ಅದು ಬಂದವರಿಗೆಲ್ಲ ಹಂಚುವ ಪ್ರಸಾದವಲ್ಲ. ಕ್ರಿಸ್ತನ ಶರೀರವೆಂದೇ ನಂಬಿ, ದೀಕ್ಷಾಸ್ನಾನ ಪಡೆದ ಕಥೋಲಿಕರು ಸ್ವೀಕರಿಸುವಂಥದು. ಇದನ್ನು ಪಂಕ್ತಿಭೇದವೆಂದು ಬಗೆಯಬಾರದು. ತನ್ನ ಇಷ್ಟಲಿಂಗವನ್ನು ಅನ್ಯರ ಕೈಗೀಯದ ಲಿಂಗಾಯತನಿಗೆ ಈ ನಿಷ್ಠೆಯ ಮರ್ಮ ಸುಲಭವಾಗಿ ತಿಳಿಯುತ್ತದೆ.

ಶುಭ ಶುಕ್ರವಾರವಾದರೋ ಯೇಸುವಿನ ಮರಣವನ್ನು ನೆನೆಯುವ ಉಪವಾಸದ ದಿನ. ಅಂದು ಶುಭಾಶಯ ಸಲ್ಲದು, ಮೌನವೇ ಗೌರವ. ಪಾಲ್ಗೊಳ್ಳುವುದೆಷ್ಟು, ಹಿಂದೆ ನಿಲ್ಲುವುದೆಲ್ಲಿ ಎಂಬ ವಿವೇಕವನ್ನು ಕಲಿಸುವುದೇ ಗುರುವಿನ ಹೊಣೆ.