ಕಿಡ್ನಿ ಡಾಕ್ಟರ ಸಂಬಳ ಕೇಳುವ ಮೊದಲು

ಐವರ್ನಾಡಿನ ಅಪ್ಪ-ಅಮ್ಮಂದಿರೇ, ಮಗಳು ಕಿಡ್ನಿ ಸ್ಪೆಷಲಿಸ್ಟ್ ಆದರೆ ತಿಂಗಳಿಗೆ ಲಕ್ಷಗಟ್ಟಲೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೀರಾ? ಬರುತ್ತದೆ, ಸುಳ್ಳಲ್ಲ. ಆದರೆ ಯಾವಾಗ? ಎಂಬಿಬಿಎಸ್ ಇಲ್ಲೇ ಸುಳ್ಯದ ಕೆವಿಜಿ ಮೆಡಿಕಲ್ ಕಾಲೇಜಿನಲ್ಲಿ ಆದೀತು, ಇಂಟರ್ನ್‌ಶಿಪ್ ಸೇರಿ 5½ ವರ್ಷ. ಆಮೇಲೆ ಎಂಡಿ 3, ನೆಫ್ರಾಲಜಿ ಡಿಎಂ ಮತ್ತೆ 3. ಒಂದೊಂದಕ್ಕೂ ಬೇರೆ ನೀಟ್. ಎಲ್ಲ ಒಂದೇ ಸಲಕ್ಕೆ ಸಿಕ್ಕಿದರೂ ವಯಸ್ಸು ಮೂವತ್ತರ ಹತ್ತಿರ. ಅಷ್ಟರಲ್ಲಿ ಇವತ್ತು ನೆಟ್ಟ ಅಡಿಕೆ ಸಸಿ ಎಷ್ಟೋ ಕೊಯ್ಲು ಕೊಟ್ಟಿರುತ್ತದೆ! ಎಂಡಿ, ಡಿಎಂ ಓದುವಾಗ ಸ್ಟೈಪೆಂಡ್ ಇದೆ ನಿಜ, ಖಾಸಗಿ ಸೀಟಿನ ಫೀಸಿನ ಮುಂದೆ ಅದು ಯಾವ ಮೂಲೆಗೆ? ಮೇಲಾಗಿ ಡಯಾಲಿಸಿಸ್ ರೋಗಿಗಳು ವಾರಕ್ಕೆ ಎರಡು-ಮೂರು ಸಲ ಬರುವವರು, ರಾತ್ರಿ ಫೋನ್ ತಪ್ಪಿದ್ದಲ್ಲ. ಮಗಳಿಗೆ ಇದು ಒಗ್ಗುತ್ತದಾ, ಕೇಳಿ. ಬೇಗ ದುಡಿಯಬೇಕೆಂದಿದ್ದರೆ ಡಯಾಲಿಸಿಸ್ ಟೆಕ್ನಾಲಜಿ ಬಿಎಸ್ಸಿಯನ್ನೂ ಒಮ್ಮೆ ವಿಚಾರಿಸಿ.