ರೈಫಲ್ ದುರ್ಬೀನಿಗೆ ಎಷ್ಟು ಕೊಡಬೇಕು?

ಔರಾದದ ಹೊಲದ ಹೆಸರುಕಾಳು ಮಾರಿ ಬಂದ ದುಡ್ಡಿನಲ್ಲಿ ನಾಲ್ಕು ಸಾವಿರ ಎಣಿಸಿ ಅಣ್ಣ ನನ್ನ ಕೈಗಿಟ್ಟ. "ಹುಡುಗ ಭಾಳ ದಿನದಿಂದ ಕೇಳಾಕತ್ಯಾನ, ರೈಫಲ್ಲಿಗೊಂದು ಛಲೋ ದುರ್ಬೀನು ಕೊಡಸು" ಅಂದ. ಅಣ್ಣನ ಹುಡುಗ ಬೀದರಿನಲ್ಲಿ ನಮ್ಮ ಮನೆಯಲ್ಲಿದ್ದೇ ಓದುತ್ತಾನೆ. ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದಾಗಿನಿಂದ ಅವನಿಗೆ ಶೂಟಿಂಗ್ ಬಿಟ್ಟರೆ ಬೇರೆ ಮಾತಿಲ್ಲ. ಭಾಲ್ಕಿಯ ನಮ್ಮ ಅಕ್ಕ ಆಗಲೇ ಒಂದು ಸ್ಪ್ರಿಂಗ್ ಏರ್ ರೈಫಲ್ ಕೊಡಿಸಿದ್ದಳು.

ಅಂಗಡಿಯವರು 3-9x40 ತೋರಿಸಿದರು. ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದದ್ದಕ್ಕೇ ನಾನು ಒಪ್ಪಿ 3,500 ರೂಪಾಯಿ ಕೊಟ್ಟೆ. ಮನೆಯ ಹಿತ್ತಲಲ್ಲಿ ಟೇಪು ಹಿಡಿದು ಹತ್ತು ಮೀಟರ್ ಅಳೆದು ಗುರಿ ನಿಲ್ಲಿಸಿದರೆ ಎಲ್ಲ ಮಸಕು. ಕಡಿಮೆ ಬೆಲೆಯ ದುರ್ಬೀನುಗಳನ್ನು ಸಾಮಾನ್ಯವಾಗಿ ನೂರು ಗಜದ, ಅಂದರೆ ಸುಮಾರು 90 ಮೀಟರಿನ ದೂರಕ್ಕೆ ಹೊಂದಿಸಿರುತ್ತಾರಂತೆ. ಹತ್ತಿರದ ಗುರಿಗೆ ಹೊಂದಿಸಿಕೊಳ್ಳುವ ತಿರುಗಣೆ ಇದ್ದದ್ದಕ್ಕೆ ಬೆಲೆ ಬೇರೆ. ತಿಂಗಳೊಳಗೆ ಒಳಗಿನ ಗೆರೆಯೂ ಓರೆಯಾಯಿತು. ಸ್ಪ್ರಿಂಗ್ ರೈಫಲ್ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುತ್ತದೆ. ಆ ಎರಡು ಪೆಟ್ಟು ತಾಳುವ ಹಾಗೆ ಮಾಡಿರದ ದುರ್ಬೀನು ಹೆಚ್ಚು ದಿನ ಉಳಿಯುವುದಿಲ್ಲ.

ಆದರೂ ನನಗೆ ನಿಜವಾಗಿ ನೋವಾದದ್ದು ಆಮೇಲೆ. ಒಬ್ಬ ತರಬೇತುದಾರರು ರೈಫಲ್ ನೋಡಿ, "ಇದನ್ನ ಬಿಚ್ಚರಿ, ಸ್ಪರ್ಧೆಯಾಗ ನಡೆಯಂಗಿಲ್ಲ" ಅಂದರು. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ಲಿಗೆ ದುರ್ಬೀನು ಹಾಕುವಂತೆಯೇ ಇಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಕಣ್ಣೆದುರಿನ ಸಣ್ಣ ತೂತಿನಿಂದ ಗುರಿ ನೋಡಿಯೇ. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಅದನ್ನು ಹೊಡೆಯುವುದು ಉಸಿರು ಹಿಡಿದು ಸಾವಿರಾರು ಸಲ ಮಾಡಿದ ಅಭ್ಯಾಸ.

ಆ ರಾತ್ರಿ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ಹಾಕಿದೆ. ನಾವು ತರುವ ಪೆಲೆಟ್ ಡಬ್ಬಿಗೆ 700 ರೂಪಾಯಿ, ಒಳಗೆ 500 ಪೆಲೆಟ್. ದಿನಕ್ಕೆ ನೂರು ಹೊಡೆದರೆ ಐದು ದಿನಕ್ಕೆ ಒಂದು ಡಬ್ಬಿ ಖಾಲಿ. ದುರ್ಬೀನಿಗೆ ಹೋದ 3,500ರಲ್ಲಿ ಐದು ಡಬ್ಬಿ ಬರುತ್ತಿದ್ದವು, ಇಪ್ಪತ್ತೈದು ದಿನದ ಅಭ್ಯಾಸ. ಅಣ್ಣನ ಹೆಸರುಕಾಳಿನ ದುಡ್ಡು ಹೋಗಬೇಕಾಗಿದ್ದದ್ದು ಅಲ್ಲಿಗೆ. ಈಗ ತಿಂಗಳ ಖರ್ಚಿನಲ್ಲಿ ಕಿರಾಣಿಯ ಕೆಳಗೆ ಪೆಲೆಟ್ಟಿಗೊಂದು ಸಾಲು ಬರೆಯುತ್ತೇನೆ. ಅದನ್ನು ಮುಟ್ಟುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಊರಿಗೆ ಹೋದಾಗ ಗೆಳೆಯರು ಹುಡುಗನನ್ನು ಕೇಳಿದ್ದು, "ಇದರಾಗ ಚಿಗರಿ ಕಾಣ್ತಾವೇನೋ?" ಎಂದು. ನಮ್ಮ ಜಿಲ್ಲೆಯ ಬಯಲಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಇನ್ನೂ ಓಡಾಡುತ್ತಿರುವುದು ನಮ್ಮ ಪುಣ್ಯ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ ಅದು. ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ ಜೈಲು. ಚಿಗರಿ ನೋಡುವ ಆಸೆಯಿದ್ದರೆ ರೈಫಲ್ ಮನೆಯಲ್ಲಿಟ್ಟು, ಎರಡು ಕಣ್ಣಿಗೂ ಹಿಡಿಯುವ 8x42 ದುರ್ಬೀನು ಕೊಳ್ಳಲಿ. ಮನೆಮಂದಿಯೆಲ್ಲ ನೋಡಬಹುದು.

ಭಾಲ್ಕಿ, ಔರಾದದ ತಂದೆತಾಯಿಗಳೇ, ಮಕ್ಕಳು ಶೂಟಿಂಗ್ ಕಲಿಯುತ್ತೇವೆ ಎಂದರೆ ಬೇಡವೆನ್ನಬೇಡಿ. ಆದರೆ ಅಂಗಡಿಗೆ ಹೋಗುವ ಮೊದಲು ತರಬೇತುದಾರರ ಹತ್ತಿರ ಹೋಗಿ, ಮಗು ಆಡಲಿರುವ ಸ್ಪರ್ಧೆಯ ನಿಯಮ ಓದಿಸಿಕೊಳ್ಳಿ.