ಹೊಸಬರಿಗೆ ಇಟ್ಟ ಹೆಸರುಗಳು

ಬಳ್ಳಾರಿಯ ಕೌಲ್ ಬಜಾರ್‌ನ ನನ್ನ ಸಂಜೆ ಪಾಠಕ್ಕೆ ಬರುವವರಲ್ಲಿ ಹೆಚ್ಚಿನವರು ಜೀನ್ಸ್ ಹೊಲಿಯುವವರು. ಒಬ್ಬರ ಮನೆಮಾತು ಉರ್ದು, ಇನ್ನೊಬ್ಬರದು ತೆಲುಗು, ಪಕ್ಕದವರದು ಸಿರುಗುಪ್ಪದ ಕಡೆಯ ಕನ್ನಡ. ಮೊದಲ ದಿನ ಅಕ್ಷರಮಾಲೆಗೆ ಕೈ ಹಾಕುವುದಿಲ್ಲ. ಬೋರ್ಡಿನ ಮೇಲೆ ಒಂದೇ ಪದ ಬರೆಯುತ್ತೇನೆ: ಕೌಲು.

ದಿನಾ ಬಾಯಲ್ಲಿ ಆಡುವ ಹೆಸರು. ಆದರೂ ಅದರ ಅರ್ಥ ಕೇಳಿದರೆ ಕೋಣೆ ಸುಮ್ಮನಾಗುತ್ತದೆ. ಆಮೇಲೆ ತೆಲುಗಿನವರು ಯಾರಾದರೂ ‘ಕೌಲು ರೈತು’ ಎನ್ನುತ್ತಾರೆ, ಬೇರೆಯವರ ಹೊಲ ಗೇಣಿಗೆ ಮಾಡುವವನು. ಉರ್ದುವಿನವರು ‘ಕೌಲ್ ಅಂದರೆ ಕೊಟ್ಟ ಮಾತು’ ಎನ್ನುತ್ತಾರೆ. ಇಬ್ಬರದೂ ಸರಿ. ಅರಬ್ಬಿಯಲ್ಲಿ ಕೌಲ್ ಎಂದರೆ ಮಾತು. ಕವ್ವಾಲಿ ಹುಟ್ಟಿದ್ದೂ ಅದೇ ಬೇರಿನಿಂದ. ಪಾರಸಿ ದಫ್ತರಗಳ ಹಾದಿಯಲ್ಲಿ ದಖ್ಖನ್ನಿಗೆ ಬರುವಷ್ಟರಲ್ಲಿ ಅದು ಕರಾರು ಪತ್ರವಾಗಿತ್ತು. ಬೀಳುಬಿದ್ದ ನೆಲ ಸಾಗುವಳಿಗೆ ಬರಬೇಕು, ಹೊಸ ಪೇಟೆ ತುಂಬಬೇಕು ಎಂದಾಗ ಆಳುವವರು ಹೊರಗಿನ ರೈತರನ್ನೂ ವರ್ತಕರನ್ನೂ ಕರೆದು ಕೌಲು ಕೊಡುತ್ತಿದ್ದರು. ಮೊದಲ ಕೆಲವು ವರ್ಷ ತೆರಿಗೆ ಹಗುರ, ಬೇರೂರಿದ ಮೇಲೆ ಹಂತಹಂತವಾಗಿ ಪೂರ್ತಿ. ಅಂದರೆ ಇದು ಹೊಸಬನಿಗೆ ಹಳಬರು ಕೊಟ್ಟ ಮಾತು.

ಅಲ್ಲಿಂದ ನಮ್ಮ ಪಾಠ ಶುರು. ಹೊಸಬನಿಗೆ ಮಾತು ಕೊಡುವುದು ಒಂದು, ಅವನನ್ನು ಯಾವ ಮಾತಿನಿಂದ ಕರೆಯುತ್ತೇವೆ ಎನ್ನುವುದು ಇನ್ನೊಂದು. ಕಸುಬಿಗೆ ಸೇರಿದವನು, ಗುರುವಿನ ಬಳಿ ಬಂದವನು, ಹೊಸ ಧರ್ಮ ಹಿಡಿದವನು, ಎಲ್ಲರಿಗೂ ಪ್ರತಿ ಭಾಷೆಯಲ್ಲೂ ಒಂದೊಂದು ಹೆಸರಿದೆ. ಆ ಹೆಸರನ್ನು ಬಿಡಿಸಿ ನೋಡುವುದು ಕಷ್ಟವಲ್ಲ. ಒಂದು ಪ್ರಶ್ನೆ ಸಾಕು: ಈ ಪದ ಹೊಸಬನನ್ನು ಎಲ್ಲಿ ನಿಲ್ಲಿಸಿದೆ?

ಕೆಲವು ಪದಗಳು ಅವನ ಕಿವಿಯನ್ನು ಹಿಡಿದಿವೆ. ಹಳೆಯ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧನಾಗುತ್ತಿದ್ದವನನ್ನು ಗ್ರೀಕಿನಲ್ಲಿ ‘ಕಾಟೆಖೂಮೆನೋಸ್’ ಎನ್ನುತ್ತಿದ್ದರು. ಅದರ ಒಳಗೆ ‘ಎಕೋ’ ಕೂತಿದೆ, ಬೆಟ್ಟಕ್ಕೆ ಕೂಗಿದರೆ ಮರಳಿ ಬರುವ ಅದೇ ಎಕೋ. ಕಿವಿಯಲ್ಲಿ ಉಪದೇಶದ ದನಿ ತುಂಬಿಸಿಕೊಳ್ಳುತ್ತಿರುವವನು ಎಂದು ಅರ್ಥ. ಅವನು ಪ್ರವಚನ ಕೇಳಬಹುದಿತ್ತು. ಪ್ರಭುವಿನ ಭೋಜನದ ವಿಧಿ ಶುರುವಾಗುವ ಮುನ್ನ ಎದ್ದು ಹೊರಗೆ ಹೋಗಬೇಕಿತ್ತು. ಈಗ ನಮ್ಮ ಜೈನರ ‘ಶ್ರಾವಕ’ ಪದ ನೋಡಿ. ಶ್ರವಣ ಮಾಡುವವನು, ಕೇಳುವವನು. ದೂರದ ಎರಡು ನಾಡುಗಳು ಒಂದನ್ನೊಂದು ಕೇಳದೆಯೇ ಒಂದೇ ಅಂಗವನ್ನು ಆರಿಸಿಕೊಂಡಿವೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಗ್ರೀಕ್ ಹೆಸರು ಸ್ನಾನದ ದಿನ ಕಳಚಿ ಬೀಳುತ್ತದೆ. ಶ್ರಾವಕ ಎಂಬತ್ತು ವರ್ಷದ ಅಜ್ಜನಾದರೂ ಶ್ರಾವಕನೇ.

ಜೈನರಲ್ಲೇ ಇನ್ನೊಂದು ಪದವಿದೆ, ಕ್ಷುಲ್ಲಕ. ಪತ್ರಿಕೆಯಲ್ಲಿ ‘ಕ್ಷುಲ್ಲಕ ಕಾರಣಕ್ಕೆ ಜಗಳ’ ಎಂದು ಓದಿದವರಿಗೆ ಇದು ಬೈಗುಳದಂತೆ ಕೇಳುತ್ತದೆ. ಮೂಲದಲ್ಲಿ ಸಣ್ಣವನು, ಕಿರಿಯನು ಎಂದಷ್ಟೇ. ದಿಗಂಬರ ಪರಂಪರೆಯಲ್ಲಿ ಮನೆ ಬಿಟ್ಟು ಮುನಿಯಾಗುವ ದಾರಿಯಲ್ಲಿ ನಡೆದವನು ಮೊದಲು ಕ್ಷುಲ್ಲಕ, ಅವನ ಮೈಮೇಲೆ ಎರಡು ಬಟ್ಟೆ. ಆಮೇಲೆ ಐಲಕ, ಒಂದು ಬಟ್ಟೆ. ಕೊನೆಗೆ ಮುನಿ, ಅದೂ ಇಲ್ಲ. ಎಷ್ಟು ಬಟ್ಟೆ ಉಳಿದಿದೆ ಎನ್ನುವುದರಲ್ಲೇ ಎಷ್ಟು ದೂರ ಬಂದಿದ್ದಾನೆ ಎನ್ನುವುದು ಕಾಣುತ್ತದೆ.

ಇನ್ನು ನಮ್ಮ ಜಿಲ್ಲೆಯ ಕಲ್ಲಿಗೆ ಬರೋಣ. ಇದನ್ನು ಹೇಳುವಾಗ ನಾನು ಅವಸರ ಮಾಡುವುದಿಲ್ಲ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ 1970ರ ದಶಕದ ಕೊನೆಯಲ್ಲಿ ಅಶೋಕನ ಶಾಸನಗಳು ಸಿಕ್ಕವು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಕ್ರಿಸ್ತಪೂರ್ವ 3ನೇ ಶತಮಾನ. ಮಸ್ಕಿಯಲ್ಲೂ ಬ್ರಹ್ಮಗಿರಿಯಲ್ಲೂ ಇರುವ ಕಿರು ಶಿಲಾಶಾಸನದ ಪ್ರತಿಗಳೇ ಇವು. ಈ ಶಾಸನದಲ್ಲಿ ಚಕ್ರವರ್ತಿ ತನ್ನ ಗೆಲುವಿನ ಸುದ್ದಿ ಎತ್ತುವುದಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಲಿಗೆ ಅಂಥ ಶ್ರದ್ಧೆಯಿಂದ ದುಡಿಯಲಿಲ್ಲ, ಸಂಘದ ಹತ್ತಿರ ಹೋದ ಮೇಲೆ, ಈಗ ವರ್ಷಕ್ಕೂ ಮಿಗಿಲಾಗಿ, ಗಟ್ಟಿಯಾಗಿ ಪ್ರಯತ್ನಿಸುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಕೊರೆಸಿದ್ದಾನೆ. ಮತ್ತೆ ಓದಿಕೊಳ್ಳಿ. ಬಹುಪಾಲು ಭಾರತವನ್ನು ಆಳುತ್ತಿದ್ದವನು ‘ನಾನು ಹೊಸಬ, ಮೊದಲ ವರ್ಷ ಸೋಮಾರಿಯಾಗಿದ್ದೆ’ ಎಂದು ನಮ್ಮ ತುಂಗಭದ್ರೆಯ ಸೀಮೆಯ ಬಂಡೆಯ ಮೇಲೆ ಒಪ್ಪಿಕೊಂಡಿದ್ದಾನೆ. ಇದನ್ನು ಹೇಳಿದಾಗ ನನ್ನ ತರಗತಿಯಲ್ಲಿ ಹಾಜರಿ ಕಡಿಮೆ ಇರುವವರು ಮೆಲ್ಲಗೆ ತಲೆ ಎತ್ತುತ್ತಾರೆ.

ಅವನು ತನಗೆ ಇಟ್ಟುಕೊಂಡ ಹೆಸರನ್ನೂ ಗಮನಿಸಿ. ಉಪಾಸಕ ಎಂದರೆ ಹತ್ತಿರ ಕುಳಿತವನು. ‘ಉಪ’ ಹತ್ತಿರ, ‘ಆಸ್’ ಕುಳಿತುಕೊಳ್ಳು. ಆಸನ ಬಂದದ್ದೂ ಅಲ್ಲಿಂದಲೇ. ಗುರುವಿನ ಬಳಿ ವಾಸಿಸುವ ವಿದ್ಯಾರ್ಥಿಗೆ ಹಳೆಯ ಹೆಸರು ಅಂತೇವಾಸಿ. ಬ್ರಹ್ಮಗಿರಿಯ ಶಾಸನದಲ್ಲಿ ಆ ಪದವೂ ಇದೆ, ಅಂತೇವಾಸಿ ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತಿನಲ್ಲಿ. ಈ ಎರಡೂ ಪದಗಳಲ್ಲಿ ‘ಹೊಸ’ ಎನ್ನುವುದೇ ಇಲ್ಲ. ಎಷ್ಟು ದಿನವಾಯಿತು ಎಂದು ಅವು ಎಣಿಸುವುದಿಲ್ಲ, ಎಷ್ಟು ಹತ್ತಿರ ಎಂದು ಮಾತ್ರ ಹೇಳುತ್ತವೆ.

ಗಿಡದಿಂದ ಹುಟ್ಟಿದ ಪದಗಳೂ ಇವೆ. ಗ್ರೀಕರ ‘ನಿಯೋಫುಟೋಸ್’ ಎಂದರೆ ಹೊಸದಾಗಿ ನೆಟ್ಟ ಸಸಿ. ದೀಕ್ಷಾಸ್ನಾನವಾದವನ ಹೆಸರು ಅದು, ಇಂಗ್ಲಿಷಿನಲ್ಲಿ ನಿಯೊಫೈಟ್ ಆಯಿತು. ಫ್ರೆಂಚಿನಿಂದ ಬಂದ ‘ರಿಕ್ರೂಟ್’ ಕೂಡ ಮತ್ತೆ ಚಿಗುರಿದ್ದು ಎಂಬ ಮೂಲದ್ದು. ಹಿಂದೂಸ್ತಾನಿ ಆಡುವ ಸಿಪಾಯಿಗಳ ಬಾಯಲ್ಲಿ ಅದು ‘ರಂಗರೂಟ್’ ಆಯಿತು; ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ನಮ್ಮೂರಿಗೆ ಇಂಥ ಪದಗಳ ಪರಿಚಯ ಹೇಳಬೇಕಿಲ್ಲ. ಜಪಾನಿನಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರು ಒಂದು ವರ್ಷ ಕಾರಿಗೆ ಹಸಿರು–ಹಳದಿ ಎಳೆಎಲೆಯ ಗುರುತು ಅಂಟಿಸಬೇಕು, 1972ರಿಂದ ಈ ನಿಯಮವಿದೆ. ನಮ್ಮ ಕೆಂಪು ‘ಎಲ್’ ಅಕ್ಷರ ಹಿಂದಿನವರಿಗೆ ಎಚ್ಚರಿಕೆ ಹೇಳುತ್ತದೆ. ಎಳೆಎಲೆ ಸ್ವಲ್ಪ ಕಾಪಾಡಿ ಎನ್ನುತ್ತದೆ. ಕನ್ನಡದಲ್ಲಿ ಈ ಅಕ್ಕರೆಯ ಜಾಗದಲ್ಲಿ ‘ಮರಿ’ ಇದೆ: ಮಠದಲ್ಲಿ ಪಟ್ಟಕ್ಕೆ ಮುಂಚೆ ಕಲಿಯುತ್ತಿರುವವರು ಮರಿದೇವರು. ಅದೇ ‘ಮರಿ’ ಪುಢಾರಿಯ ಹಿಂದೆ ಕೂತರೆ ಅಕ್ಕರೆ ಹೋಗಿ ಹೀಯಾಳಿಕೆ ಬರುತ್ತದೆ. ಹಾಗಾಗಿ ಪದವನ್ನು ನಿಘಂಟಿನಲ್ಲಿ ನೋಡಿದರೆ ಸಾಲದು, ಯಾರು ಯಾರನ್ನು ಕರೆದರು ಎಂದೂ ನೋಡಬೇಕು.

ಬಳ್ಳಾರಿಗೇ ಬಂದ ಹೊಸಬರೂ ಇದ್ದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದದ್ದು ಬೇರೆಯವರನ್ನು ತಮ್ಮ ಧರ್ಮಕ್ಕೆ ಹೊಸಬರನ್ನಾಗಿಸಲು. ಆದರೆ ಮೊದಲು ಅವರೇ ಕನ್ನಡಕ್ಕೆ ಹೊಸಬರಾಗಿ ಕೂರಬೇಕಾಯಿತು; ಬೈಬಲ್ಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದರು. ನಿಘಂಟು ಮಾಡಿದವರೂ ಒಂದು ಕಾಲಕ್ಕೆ ಅಆಇಈ ತಿದ್ದಿದವರೇ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ನನಗೆ ಬೇಸರ ತರಿಸುವುದು ‘ಹೊಸ’ ಎನ್ನುವುದನ್ನು ಹಣೆಗೆ ಅಂಟಿಸಿ ಮತ್ತೆ ತೆಗೆಯದ ಪದಗಳು. ಪೋರ್ಚುಗಲ್‌ನಲ್ಲಿ 1497ರಲ್ಲಿ ಯಹೂದಿಗಳನ್ನು ಬಲವಂತದಿಂದ ಮತಾಂತರಿಸಿ ‘ಹೊಸ ಕ್ರೈಸ್ತರು’ ಎಂದರು. ಮಕ್ಕಳು, ಮೊಮ್ಮಕ್ಕಳು, ಅವರ ಮರಿಮಕ್ಕಳೂ ಹೊಸಬರಾಗಿಯೇ ಉಳಿದರು. ಕಾನೂನಿನಲ್ಲಿ ಆ ಭೇದ ಅಳಿದದ್ದು 1773ರಲ್ಲಿ. ನಮ್ಮಲ್ಲೂ ಅಂಬೇಡ್ಕರ್ ಅವರೊಂದಿಗೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದವರನ್ನು, ಅವರ ಮಕ್ಕಳನ್ನು ಇನ್ನೂ ‘ನವಬೌದ್ಧ’ ಎನ್ನುವವರಿದ್ದಾರೆ. ‘ಬೌದ್ಧ ಅಂದರೆ ಸಾಕು, ನವ ಯಾಕೆ?’ ಎಂದು ಅವರಲ್ಲಿ ಅನೇಕರು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದು. 12ನೇ ಶತಮಾನದ ಶರಣರು ಇದನ್ನು ಬಲ್ಲವರಾಗಿದ್ದರು: ಇಷ್ಟಲಿಂಗ ಕಟ್ಟಿಕೊಂಡವನ ಹಿಂದಿನ ಕುಲ ಕೇಳಬಾರದು, ಅವನು ಇನ್ನು ಭಕ್ತ. ಷಟ್‌ಸ್ಥಲದಲ್ಲಿ ಭಕ್ತ ಮೊದಲ ಮೆಟ್ಟಿಲು, ಆದರೂ ಆ ಹೆಸರಿನಲ್ಲಿ ‘ಹೊಸ’ ಇಲ್ಲ. ಯಹೂದಿಗಳ ತಾಲ್ಮುದ್ ಕೂಡ ಧರ್ಮಕ್ಕೆ ಬಂದವರ ಮಗನಿಗೆ ಅವನ ಹಿರಿಯರು ಏನು ಮಾಡುತ್ತಿದ್ದರೆಂದು ನೆನಪಿಸಿ ನೋಯಿಸಬಾರದು ಎನ್ನುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಮೂರು ವರ್ಷದ ಹಿಂದೆ ಜೀನ್ಸ್ ಹೊಲಿಯುವ ಕಡೆ ದಾರ ಕತ್ತರಿಸಲು ಸೇರಿದ. ಈಗ ಮಷಿನ್ ಮೇಲೆ ಕೂತು ಜೇಬು ಹೊಲಿಯುತ್ತಾನೆ. ಅಲ್ಲಿ ಅವನ ಹೆಸರು ಇವತ್ತಿಗೂ ‘ಹೆಲ್ಪರ್’, ಕೂಲಿಯೂ ಆ ಹೆಸರಿನದೇ. ಹೆಸರು ಸುಮ್ಮನೆ ಹೆಸರಲ್ಲ ಎಂದು ಅವನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಕೊನೆಯ ಗುಂಪು, ಬಂದವರು. ಹೀಬ್ರೂವಿನ ‘ಗೇರ್’ ಮೊದಲಿಗೆ ಪರಸ್ಥಳದಿಂದ ಬಂದು ನಮ್ಮ ನಡುವೆ ನೆಲೆಸಿದವನು. ಕಾಲ ಕಳೆದಂತೆ ನಮ್ಮ ದೇವರಿಗೆ ಬಂದವನು. ಗ್ರೀಕಿನಲ್ಲಿ ಅದನ್ನು ‘ಪ್ರೊಸೇಲುಟೋಸ್’ ಎಂದರು, ಬಳಿಗೆ ಬಂದವನು. ಊರಿಗೆ ಬಂದವನು, ದೇವರಿಗೆ ಬಂದವನು, ಎರಡಕ್ಕೂ ಒಂದೇ ಪದ. ವಿಚಿತ್ರ ಎನಿಸಿದರೆ ಕನ್ನಡದ ‘ಒಕ್ಕಲು’ ನೆನೆಯಿರಿ. ನೆಲ ಮಾಡಲು ಬಂದು ನೆಲೆನಿಂತ ರೈತ ಒಕ್ಕಲು. ‘ನಾವು ಆ ದೇವರ ಒಕ್ಕಲು’ ಎನ್ನುವಾಗ ಭಕ್ತನೂ ಒಕ್ಕಲು. ಕರಾವಳಿಯಲ್ಲಿ ಹೊಸ ಮನೆ ಹೊಕ್ಕರೆ ‘ಮನೆ ಒಕ್ಕಲು’. ಕೌಲು ಹಿಡಿದು ಬಂದವನು ಆಗುವುದು ಇದೇ. ನಿನ್ನೆ ಬಂದವನಿಗೂ ನೂರು ವರ್ಷದ ಹಿಂದೆ ಬಂದವನ ಮೊಮ್ಮಗನಿಗೂ ಈ ಹೆಸರು ಸಮವಾಗಿ ಹೊಂದುತ್ತದೆ.

ನಾಳೆಗೆ ಮನೆಪಾಠ. ಮನೆಯ ಹಿರಿಯರನ್ನು ಕೇಳಿ: ನಾವು ಬಳ್ಳಾರಿಗೆ ಎಲ್ಲಿಂದ ಬಂದೆವು, ಬಂದ ಹೊಸದರಲ್ಲಿ ಇಲ್ಲಿಯವರು ನಮ್ಮನ್ನು ಏನೆಂದು ಕರೆದರು, ಆ ಹೆಸರು ಯಾವಾಗ ನಿಂತಿತು? ಉರ್ದುವಿನಲ್ಲೋ ತೆಲುಗಿನಲ್ಲೋ ಹೇಳಿದರೆ ಹಾಗೇ ಕೇಳಿಕೊಂಡು, ಕನ್ನಡ ಅಕ್ಷರದಲ್ಲಿ ಬರೆದು ತನ್ನಿ. ತಪ್ಪಾದರೆ ಇಬ್ಬರೂ ಕೂತು ತಿದ್ದೋಣ.